ಬಿಡಿಸಿದ ಲೆಕ್ಕವನ್ನು ಸ್ಲೈಡಿನಲ್ಲಿ ಹಾಕಿ 25 ನಿಮಿಷ ವಿವರಿಸುವ ನನ್ನ ಗಣಿತದ ಸ್ಕ್ರೀನ್ ರೆಕಾರ್ಡಿಂಗ್‌ಗಳನ್ನು ಮಕ್ಕಳು ಅರ್ಧಕ್ಕೇ ಬಿಡುತ್ತಾರೆ, ಒಳ್ಳೆ ಮೈಕ್ ತಗೊಂಡರೆ ಸರಿಹೋಗುತ್ತದೆಯೇ?

ಮೈಕ್ ವಿಚಾರಕ್ಕೆ ಆಮೇಲೆ ಬರುತ್ತೇನೆ. ಬಿಡಿಸಿದ ಲೆಕ್ಕವನ್ನು ಸ್ಲೈಡಿನಲ್ಲಿ ಹಾಕಿ, 25 ನಿಮಿಷ ಅದರ ಮೇಲೆ ಮಾತಾಡುತ್ತೇನೆ ಅಂದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ನೀವಿನ್ನೂ ಎರಡನೇ ಸಾಲಿನಲ್ಲಿರುವಾಗ ಅವರ ಕಣ್ಣು ಕೊನೆಯ ಉತ್ತರ ನೋಡಿ ಆಗಿರುತ್ತದೆ. ಆಮೇಲೆ ಕೇಳುವುದಕ್ಕೆ ಏನು ಉಳಿಯಿತು? ಖಾಲಿ ಪುಟದಿಂದ ಶುರುಮಾಡಿ, ಮಾತಾಡುತ್ತಾ ಒಂದೊಂದೇ ಸಾಲು ಬರೆಯಿರಿ. ಒಂದು ವಿಡಿಯೋಗೆ ಒಂದೇ ಲೆಕ್ಕ, ಆರೇಳು ನಿಮಿಷ.

ಉದಾಹರಣೆಗೆ ಎಕ್ಸ್² − 6ಎಕ್ಸ್ + 5 = 0 ಅನ್ನು ವರ್ಗ ಪೂರ್ಣಗೊಳಿಸಿ ಬಿಡಿಸುವುದು ಅಂತಿಟ್ಟುಕೊಳ್ಳಿ. 5 ಬಲಕ್ಕೆ ಹೋಗಿ −5 ಆಯಿತು. ಈಗ "ಇದರ ಅರ್ಧದ ವರ್ಗ ಎರಡೂ ಕಡೆ ಕೂಡಿಸಿ" ಅನ್ನಬೇಡಿ. ತರಗತಿಯಲ್ಲಾದರೆ ಬೆರಳು ತೋರಿಸುತ್ತೀರಿ, ಇಲ್ಲಿ "ಇದು" ಯಾವುದೆಂದು ಯಾರಿಗೂ ಕಾಣುವುದಿಲ್ಲ. "ಎಕ್ಸ್‌ನ ಸಹಗುಣಕ −6, ಅರ್ಧ −3, ಅದರ ವರ್ಗ 9" ಎನ್ನುತ್ತಲೇ −6ರ ಸುತ್ತ ಬೇರೆ ಬಣ್ಣದಲ್ಲಿ ಸುತ್ತು ಹಾಕಿ. (ಎಕ್ಸ್ − 3)² = 4 ಬಂದಾಗ "ವಿಡಿಯೋ ನಿಲ್ಲಿಸಿ ಮುಂದಿನ ಸಾಲು ನೀವೇ ಬರೆಯಿರಿ" ಎಂದು ಹೇಳಿ, ನಾಲ್ಕೈದು ಸೆಕೆಂಡು ಸುಮ್ಮನಿರಿ. ಎಡವುವುದು ಇಲ್ಲೇ: ವರ್ಗಮೂಲ 2 ಎಂದಷ್ಟೇ ಬರೆದು, 5 ಎಂಬ ಒಂದೇ ಉತ್ತರಕ್ಕೆ ಮುಗಿಸುತ್ತಾರೆ. ಆ ತಪ್ಪು ಸಾಲನ್ನು ನೀವೇ ಬರೆದು, ಮೂಲ ಸಮೀಕರಣಕ್ಕೆ 1 ಹಾಕಿ ತೋರಿಸಿ. 1 − 6 + 5 ಕೂಡ ಸೊನ್ನೆಯೇ. ± ಯಾಕೆ ಬೇಕು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ. ಸಮಯವಿದ್ದರೆ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ನಕ್ಷೆ ತೆಗೆಯಿರಿ. ಎಕ್ಸ್ ಅಕ್ಷವನ್ನು 1 ಮತ್ತು 5ರಲ್ಲಿ ದಾಟುವ ಪರವಲಯದ ನಟ್ಟನಡುವೆ ಅದೇ 3 ಕೂತಿರುತ್ತದೆ.

ರೆಕಾರ್ಡ್ ಮಾಡಲು ಓಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಸಾಕು, ಉಚಿತ. ವಿಡಿಯೋ ಅಳತೆ 1920×1080, ಸೆಕೆಂಡಿಗೆ 30 ಫ್ರೇಮ್. ಫಾರ್ಮ್ಯಾಟ್ ಎಂಕೆವಿ ಇಡಿ: ಕಂಪ್ಯೂಟರ್ ನಡುವೆ ಕೈಕೊಟ್ಟರೂ ಅಲ್ಲಿಯವರೆಗಿನದು ಉಳಿಯುತ್ತದೆ, ಮಾಮೂಲಿ ಎಂಪಿ4 ಆದರೆ ಇಡೀ ಫೈಲೇ ತೆರೆಯದೆ ಹೋಗಬಹುದು. ಮುಗಿದ ಮೇಲೆ ಅದರಲ್ಲೇ ಎಂಪಿ4ಗೆ ಬದಲಿಸಿಕೊಳ್ಳಬಹುದು. ಮೌಸ್‌ನಲ್ಲಿ ಬರೆಯುವ ಗೋಜಿಗೆ ಹೋಗಬೇಡಿ. ಪರದೆ ಇಲ್ಲದ ಸಾದಾ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಲ್ಲಿ ಬರೆಯುವ ಹಲಗೆ) ಆದರೂ ಆದೀತು. ಕೈ ಒಂದು ಕಡೆ, ಕಣ್ಣು ಒಂದು ಕಡೆ ಇರುವುದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು, ಅಷ್ಟೇ. ಒಂದು ಪರದೆಗೆ ಏಳೆಂಟು ಸಾಲು ದಾಟಿಸಬೇಡಿ. ನೋಡುವವರು ಹೆಚ್ಚಾಗಿ ಫೋನಿನಲ್ಲೇ ನೋಡುತ್ತಾರೆ, ನೀವೂ ಫೋನಿನಲ್ಲೇ ಪರೀಕ್ಷಿಸಿ.

ಮಾತು ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿಂದ ಹೇಳಿ. ಎಡಿಟ್ ಮಾಡುವಾಗ ಧ್ವನಿಯ ಗೆರೆಯಲ್ಲಿ ಚಪ್ಪಾಳೆ ಕಡ್ಡಿಯಂತೆ ಎದ್ದು ಕಾಣುತ್ತದೆ, ಕತ್ತರಿಸುವ ಜಾಗ ಹುಡುಕಬೇಕಿಲ್ಲ.

ಇನ್ನು ಮೈಕ್. ಲ್ಯಾಪ್‌ಟಾಪಿನ ಮೈಕ್‌ಗೆ ಅದರದೇ ಫ್ಯಾನಿನ ಸದ್ದು, ಮೇಜಿನ ಮೇಲೆ ಪೆನ್ ಕುಟ್ಟುವ ಸದ್ದು ಎರಡೂ ಸೇರುತ್ತವೆ. ತಂತಿಯ ಇಯರ್‌ಫೋನಿನ ಮೈಕ್ ಕೂಡ ಅದಕ್ಕಿಂತ ವಾಸಿ, ಅಂಗಿಗೆ ಉಜ್ಜದಂತೆ ನೋಡಿಕೊಂಡರೆ. ಬೇರೆ ಮೈಕ್ ಇದ್ದರೆ ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಡಿ. ನೇರ ಎದುರಿಗಿದ್ದರೆ "ಪ", "ಬ" ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಟ್ಯಾಬ್ಲೆಟ್ ಅಡಿಗೆ ಮಡಿಸಿದ ಟವೆಲ್ ಹಾಕಿ. ಶುರುಮಾಡುವ ಮುಂಚೆ ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಕೇಳಿಬಿಡಿ, ಓಬಿಎಸ್‌ನಲ್ಲಿ ಬೇರೆ ಮೈಕ್ ಆಯ್ಕೆಯಾಗಿದ್ದರೆ ಪೂರ್ತಿ ಪಾಠ ಮೂಕಿಯಾಗಿರುತ್ತದೆ.