ಪ್ರತಿಕ್ರಿಯೆ: ತೀರ್ಥಹಳ್ಳಿಯ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿದರೂ ಪತಂಗ ಬರುತ್ತಿಲ್ಲ

ರಾತ್ರಿ ಪತಂಗಗಳನ್ನು ಬೆಳಕಿಗೆ ಸೆಳೆದು ನೋಡಲೆಂದು ನೀವು ಕಟ್ಟಿದ ಪಂಚೆಗೆ ಅವು ಬಾರದಿದ್ದರೆ, ತಪ್ಪು ಬಹುಶಃ ಬಲ್ಬಿನದು. ನೀವು ಪಂಚೆಯ ಮುಂದೆ ತೂಗುಹಾಕಿರುವ 9 ವ್ಯಾಟಿನ ಮನೆಬಳಕೆಯ ಎಲ್‌ಇಡಿಯಲ್ಲಿ ಅತಿನೇರಳೆ ಕಿರಣ ಇಲ್ಲವೆಂದೇ ಹೇಳಬೇಕು. ಪತಂಗಗಳನ್ನು ಹೆಚ್ಚು ಎಳೆಯುವುದು ಅದೇ. ಹುಣ್ಣಿಮೆಯ ಆಸುಪಾಸಿನಲ್ಲಿ ಕಟ್ಟಿದ್ದರೆ ಅದೂ ಒಂದು ಕಾರಣವಿರಬಹುದು.

ಮೊದಲು 365ರಿಂದ 395 ನ್ಯಾನೋಮೀಟರಿನ ಯುವಿ (ಅತಿನೇರಳೆ) ಎಲ್‌ಇಡಿ ಅಥವಾ ಅದೇ ಕಿರಣ ಸೂಸುವ 20 ವ್ಯಾಟಿನ ಬ್ಲ್ಯಾಕ್‌ಲೈಟ್ ಟ್ಯೂಬ್ ತನ್ನಿ. ಅದನ್ನು ದಿಟ್ಟಿಸಿ ನೋಡಬೇಡಿ. 160 ವ್ಯಾಟಿನ ಮರ್ಕ್ಯುರಿ ಬಲ್ಬ್ ಇನ್ನೂ ಚೆನ್ನ, ಆದರೆ ಕಾದ ಗಾಜಿಗೆ ಮಲೆನಾಡಿನ ಮಳೆಯ ನಾಲ್ಕು ಹನಿ ಬಿದ್ದರೂ ಒಡೆಯಬಹುದು; ಸೂರಿನಡಿಯೇ ಇರಲಿ. ಅಂಗಳದ ಉಳಿದ ದೀಪ ಆರಿಸಿ. ಪಂಚೆಯನ್ನು ತೋಟದತ್ತ ಮುಖಮಾಡಿ ಬಿಗಿಯಾಗಿ ಕಟ್ಟಿ, ಕೆಳತುದಿಯನ್ನು ನೆಲಕ್ಕೆ ಒಂದು ಮೊಳ ಹಾಸಿ. ಎಷ್ಟೋ ಪತಂಗಗಳು ಅಲ್ಲೇ ಕೂರುತ್ತವೆ. ಅಮಾವಾಸ್ಯೆ ಹತ್ತಿರದ, ಗಾಳಿಯಿಲ್ಲದ, ಮೋಡ ಕವಿದ ಸೆಕೆಯ ರಾತ್ರಿಯೇ ಆಗಬೇಕು. ಒಂಬತ್ತಕ್ಕೇ ಮಲಗಿದರೆ ಅಟ್ಲಾಸ್ ಪತಂಗದಂಥ ದೊಡ್ಡವು ತಪ್ಪಿಹೋಗುತ್ತವೆ.

ಬೆಳಕಿಗೆ ಅಷ್ಟಾಗಿ ಬಾರದ ಜಾತಿಗಳಿಗೆ ಕಳಿತ ಬಾಳೆಹಣ್ಣು, ಬೆಲ್ಲ ಕಿವುಚಿ ಎರಡು ದಿನ ಹುಳಿಬರಿಸಿ, ಸಂಜೆ ಮರದ ಕಾಂಡಕ್ಕೆ ಬಳಿಯಿರಿ. ಇರುವೆ ಮುತ್ತುತ್ತದೆ, ಮುತ್ತಲಿ.

ಬೆಳಕು ಹರಿಯುವ ಒಂದು ಗಂಟೆ ಮೊದಲೇ ದೀಪ ಆರಿಸಿ, ಪಂಚೆಯ ಮೇಲಿನವನ್ನು ಮೆಲ್ಲಗೆ ಪೊದೆಗೆ ಬಿಡಿ. ಇಲ್ಲದಿದ್ದರೆ ಪಿಕಳಾರಗಳಿಗೆ ಅದೇ ಬೆಳಗಿನ ತಿಂಡಿ.