ಶೂಟಿಂಗ್ ಗೇಮ್ ಆಡುವ ಮಕ್ಕಳು ನಿಜಜೀವನದಲ್ಲೂ ಹೊಡೆದಾಟಕ್ಕೆ ಇಳಿಯುತ್ತಾರಾ?

ಮೊಬೈಲ್ ಕಿತ್ತುಕೊಂಡ ಕೂಡಲೇ ಮಗ ಬಾಗಿಲು ಒದ್ದ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ತಮ್ಮ ನನ್ನನ್ನೇ ತಳ್ಳಿದ. ರೇಷ್ಮೆಹುಳು ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗಳ ಮೇಲೆ ಬಿದ್ದೆ, ಎರಡು ಮುರಿದವು.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ರೇಷ್ಮೆ ಕೆಲಸ. 2020ರ ಮೇ, ಲಾಕ್‌ಡೌನ್. ತಮ್ಮನಿಗೆ ಸೆಕೆಂಡ್ ಪಿಯುಸಿಯ ಇಂಗ್ಲಿಷ್ ಪೇಪರ್ ಒಂದೇ ಬಾಕಿ ಇತ್ತು. ದಿನವಿಡೀ ಪಬ್‌ಜಿ. ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಮತ್ತೆ ತಿನ್ನೋಕೆ ಶುರು ಮಾಡಿತ್ತು. ಹುಳು ಒಟ್ಟು ತಿನ್ನೋ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಅದಾದ ಮೇಲಿನ ಒಂದು ವಾರದಲ್ಲೇ ಖಾಲಿಯಾಗುತ್ತೆ. ರಾತ್ರಿ ಹತ್ತರ ಸೊಪ್ಪು ಇವನ ಪಾಳಿ. ಹನ್ನೊಂದಾದರೂ ಹಾಕಿರಲಿಲ್ಲ. ಬರಿದಾದ ಕಡ್ಡಿಗಳ ಮೇಲೆ ಹುಳ ತಲೆಯೆತ್ತಿ ಸೊಪ್ಪು ಹುಡುಕ್ತಿದ್ದವು.

ಹೋದವನೇ ಫೋನ್ ಕಿತ್ತುಕೊಂಡೆ. ತಪ್ಪಾಗಿದ್ದೇ ಇಲ್ಲಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ಆಟದಲ್ಲಿ ನೂರು ಜನ ಇಳಿಯುತ್ತಾರೆ, ಒಂದು ಮ್ಯಾಚ್ ಸುಮಾರು ಅರ್ಧ ಗಂಟೆ. ಮಧ್ಯೆ ನಿಲ್ಲಿಸಿ ಎದ್ದು ಬರೋ ಹಾಗಿಲ್ಲ. ಅವತ್ತು ಏಳೇ ಜನ ಉಳಿದಿದ್ದರಂತೆ. ಇವನ ಟೀಮಿನ ಮೂವರೂ ಔಟ್ ಆಗಿ ಇವನ ಆಟ ನೋಡ್ತಾ ಕೂತಿದ್ದರಂತೆ. ಮೂವರೂ ಕ್ಲಾಸ್‌ಮೇಟ್‌ಗಳು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಇನ್ನೊಂದು, ಮೈಕ್ ಆನ್ ಇತ್ತು. 'ತಿಂದು ಮಲಗೋಕೆ ಹುಟ್ಟಿದ್ದೀಯಾ' ಅಂತ ಬೈದಿದ್ದು, ಕೆನ್ನೆಗೆ ಎರಡು ಬಿಟ್ಟಿದ್ದು, ಎಲ್ಲಾ ಆ ಮೂವರ ಕಿವಿಗೆ ಬಿತ್ತು. ಅವನು ತಳ್ಳಿದ್ದು ಆಮೇಲೆ. ನಾನು ಎದ್ದು ಫೋನನ್ನು ಬಟ್ಟೆ ಒಗೆಯೋ ಕಲ್ಲಿಗೆ ಎಸೆದೆ. ನಾನು ಜೀವಮಾನದಲ್ಲಿ ಒಂದು ಗೇಮೂ ಆಡಿದವನಲ್ಲ!

ಊರೆಲ್ಲಾ ಮಾತ್ರ 'ಪಬ್‌ಜಿ ತಲೆಗೇರಿದೆ' ಅಂತ ಹೇಳ್ಕೊಂಡು ಬಂದೆ. ಅವನು ಮಾತು ಬಿಟ್ಟ. ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ಬ್ಯಾನ್ ಮಾಡಿದಾಗ ಖುಷಿಯಿಂದ ಹೇಳೋಕೆ ಓಡಿದೆ. ಸೊಪ್ಪು ಹಾಕ್ತಿದ್ದವನು ತಿರುಗಿಯೂ ನೋಡದೆ, 'ನನ್ನ ಹತ್ರ ಫೋನೇ ಇಲ್ವಲ್ಲಣ್ಣ' ಅಂದ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವೇ 2020ರಲ್ಲಿ ಹೇಳಿದೆ: ಇಂಥ ಗೇಮಿಗೂ ಕೂಗಾಟ, ತಳ್ಳಾಟಕ್ಕೂ ಸಣ್ಣ ನಂಟಿದೆ, ದೊಡ್ಡ ಹಿಂಸೆಗೆ ಅದೇ ಕಾರಣ ಅನ್ನೋಕೆ ಸಾಕಷ್ಟು ಆಧಾರ ಇಲ್ಲ. ಬಾಗಿಲು ಒದ್ದ ಹುಡುಗ ಕೊಲೆಗಾರ ಆಗ್ತಾನಾ ಅಂತ ರಾತ್ರಿಯೆಲ್ಲಾ ಯೋಚನೆ ಮಾಡ್ಬೇಡಿ. ನಿದ್ದೆ ಮಾಡ್ತಾನಾ, ಹೊತ್ತಿಗೆ ಸರಿಯಾಗಿ ಉಣ್ತಾನಾ, ಯಾರ ಜೊತೆ ಆಡ್ತಾನೆ, ಅದನ್ನು ನೋಡಿ. ನಿದ್ದೆ, ಓದು ಎರಡೂ ಕೆಟ್ಟು ತಿಂಗಳುಗಟ್ಟಲೆ ಹಾಗೇ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ 'ಶಟ್' ಅನ್ನೋ ಕ್ಲಿನಿಕ್ ಇದೆ, ಕರ್ಕೊಂಡು ಹೋಗಿ.

ಸದ್ಯಕ್ಕೆ ಊಟಕ್ಕೆ ಅರ್ಧ ಗಂಟೆ ಮುಂಚೆ 'ಇದೇ ಕೊನೆ ಮ್ಯಾಚು' ಅಂತ ಹೇಳಿ, ಆಡಿ ಮುಗಿಸಲಿ. ಬೈಯಲೇಬೇಕು ಅನ್ನಿಸಿದರೆ ಮೊದಲು ಮೈಕ್ ಆಫ್ ಇದೆಯಾ ಕೇಳಿ.