ಪ್ಯಾಚ್ ನಂಬಿ ಪ್ರೀ-ಆರ್ಡರ್ ಮಾಡಬೇಡಿ

ಪ್ರಶ್ನೆ: ಸೈಬರ್‌ಪಂಕ್ 2077 ಗೇಮ್ ಮೊದಮೊದಲು ಕೆಟ್ಟದಾಗಿತ್ತು, ಆಮೇಲೆ ಸರಿಹೋಯಿತು. ಹಾಗಿರುವಾಗ ಪ್ರೀ-ಆರ್ಡರ್ ಮಾಡಿದರೆ, ಅಂದರೆ ಬಿಡುಗಡೆಗೆ ಮೊದಲೇ ದುಡ್ಡು ಕೊಟ್ಟು ಕಾದಿರಿಸಿದರೆ, ತಪ್ಪೇನು? ತಪ್ಪು ತಿದ್ದುವ ಪ್ಯಾಚ್ ಬಂದೇ ಬರುತ್ತದೆ ಅಲ್ವಾ?

ಉತ್ತರ: ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ನನಗೆ ಸಿಟ್ಟು ಬರುವುದೂ ಇದಕ್ಕೇ. ಸರಿಹೋಯಿತು ಅಂತೀರಲ್ಲ, ಯಾರಿಗೆ ಸರಿಹೋಯಿತು?

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಈ ಗೇಮ್ ಮಾಡುತ್ತೇವೆ ಎಂದು ಹೇಳಿದ್ದು 2012ರಲ್ಲಿ. 2019ರಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ಅವರನ್ನು ವೇದಿಕೆಗೆ ಕರೆತಂದರು, ಜನ ಹುಚ್ಚೆದ್ದು ಕೂಗಿದರು. ಬಿಡುಗಡೆ 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ಅಲ್ಲಿಂದ ನವೆಂಬರ್‌ಗೆ, ಕೊನೆಗೆ ಡಿಸೆಂಬರ್ 10ಕ್ಕೆ ಹೋಯಿತು. ಅಷ್ಟರಲ್ಲಿ 80 ಲಕ್ಷ ಪ್ರೀ-ಆರ್ಡರ್ ಬಂದಿತ್ತು. ಬಿಡುಗಡೆಗೆ ಮೊದಲು ವಿಮರ್ಶಕರ ಕೈಗೆ ಕೊಟ್ಟಿದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ತೋರಿಸಲೂ ಅವರಿಗೆ ಬಿಡಲಿಲ್ಲ, ಕಂಪನಿ ಕೊಟ್ಟ ವಿಡಿಯೊವನ್ನೇ ಬಳಸಬೇಕಿತ್ತು. ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳಾದ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅದು ತಡವರಿಸುತ್ತದೆ, ಮತ್ತೆ ಮತ್ತೆ ಕ್ರ್ಯಾಶ್ ಆಗುತ್ತದೆ ಎಂದು ಜನರಿಗೆ ಗೊತ್ತಾಗಿದ್ದು ದುಡ್ಡು ಕೊಟ್ಟಾದ ಮೇಲೆ. ಸುಮಾರು ಒಂದು ವಾರಕ್ಕೆ, ಪಿಎಸ್4 ಮಾಡುವ ಸೋನಿ ತನ್ನ ಆನ್‌ಲೈನ್ ಸ್ಟೋರ್‌ನಿಂದ ಗೇಮನ್ನೇ ತೆಗೆಯಿತು. ಅದು ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ.

ಈಗ ಎಲ್ಲರೂ ಹೊಗಳುವ 2.0 ಪ್ಯಾಚ್ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದು ಪಿಎಸ್4ಗೂ ಬರಲಿಲ್ಲ, ಎಕ್ಸ್‌ಬಾಕ್ಸ್ ಒನ್‌ಗೂ ಬರಲಿಲ್ಲ. ಎಲ್ಲರಿಗಿಂತ ಮೊದಲು ದುಡ್ಡು ಕೊಟ್ಟು, ಎಲ್ಲರಿಗಿಂತ ಜಾಸ್ತಿ ತೊಂದರೆಪಟ್ಟವರಿಗೇ ಆ ರಿಪೇರಿ ಸಿಗಲಿಲ್ಲ. ಸುಮ್ನೆ ಕಾದವರಿಗೆ ಕಡಿಮೆ ಬೆಲೆಗೆ ಪೂರ್ತಿ ಗೇಮ್ ಸಿಕ್ಕಿತು.

ನೋ ಮ್ಯಾನ್ಸ್ ಸ್ಕೈ ಗೇಮ್ ಕೂಡ ಮೊದಲು ಕೆಟ್ಟದಾಗಿದ್ದು ಆಮೇಲೆ ಸರಿಹೋಯಿತು ಎಂದು ಉದಾಹರಣೆ ಕೊಡುವವರೂ ಇದ್ದಾರೆ. ನಿಜ, ಅದನ್ನು ಮಾಡಿದ ಹಲೋ ಗೇಮ್ಸ್‌ನವರು 2016ರಿಂದ ಒಂದಾದ ಮೇಲೊಂದು ಉಚಿತ ಅಪ್‌ಡೇಟ್ ಕೊಟ್ಟರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಅವರ ಹಟ. ಎಲ್ಲ ಕಂಪನಿಗೂ ಆ ಹಟ ಇರುವುದಿಲ್ಲ. ಬಯೋವೇರ್‌ನ ಆ್ಯಂಥಮ್ ಗೇಮ್ ಬಂದಿದ್ದು 2019ರಲ್ಲಿ. ಪೂರ್ತಿ ಹೊಸದಾಗಿ ಕಟ್ಟುತ್ತೇವೆ ಎಂದರು, 2021ರಲ್ಲಿ ಆ ಕೆಲಸ ಕೈಬಿಟ್ಟರು, 2026ರ ಜನವರಿಯಲ್ಲಿ ಸರ್ವರ್ ಮುಚ್ಚಿದರು. ಆನ್‌ಲೈನ್ ಇಲ್ಲದೆ ಅದು ಓಡುವುದಿಲ್ಲ. ದುಡ್ಡು ಕೊಟ್ಟು ತೆಗೆದುಕೊಂಡವರೂ ಇನ್ನು ಅದನ್ನು ಆಡುವ ಹಾಗಿಲ್ಲ.

ಹಾಗಾಗಿ ನಿಮ್ಮದೇ ಕನ್ಸೋಲ್ ಅಥವಾ ನಿಮ್ಮದೇ ಮಟ್ಟದ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೇರೆಯವರು ಆಡಿ ತೋರಿಸುವವರೆಗೆ ಕಾಯಿರಿ. ಡೌನ್‌ಲೋಡ್ ಗೇಮ್ ಸ್ಟಾಕ್ ಖಾಲಿಯಾಗುವುದಿಲ್ಲ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಗೇಮ್ ತೆರೆದ ಮೇಲೆ ಶೇಡರ್ ಕಂಪೈಲ್ (ನಿಮ್ಮ ಗ್ರಾಫಿಕ್ಸ್ ಕಾರ್ಡ್‌ಗೆ ತಕ್ಕಂತೆ ದೃಶ್ಯದ ಕೋಡ್ ಸಿದ್ಧವಾಗುವುದು) ಆಗುವ ಹೊತ್ತೂ ಆ ಲೆಕ್ಕಕ್ಕೇ ಸೇರುತ್ತದೆ. ಗಡಿಯಾರ ನೋಡಿಕೊಂಡು ಆಡಿ.

ಪ್ರಶ್ನೆ: ಪ್ರೀ-ಆರ್ಡರ್ ಮಾಡಿದವರಿಗೆ ಕೊಡುವ ಸ್ಕಿನ್ (ಪಾತ್ರಕ್ಕೆ ತೊಡಿಸುವ ಹೊಸ ವೇಷ) ತಪ್ಪಿಹೋಗುತ್ತದಲ್ಲ?

ಉತ್ತರ: ಹೋಗಲಿ ಬಿಡಿ.

ಪ್ರಶ್ನೆ: ಜಾಸ್ತಿ ವರ್ಷ ತೆಗೆದುಕೊಂಡರೆ ಗೇಮ್ ಚೆನ್ನಾಗಿಯೇ ಬರುತ್ತದೆ ಅಲ್ವಾ?

ಉತ್ತರ: ಇಲ್ಲ. ಡ್ಯೂಕ್ ನುಕೆಮ್ ಫಾರೆವರ್ ಘೋಷಣೆಯಾಗಿದ್ದು 1997ರಲ್ಲಿ, ಬಂದಿದ್ದು 2011ರಲ್ಲಿ. ಬರುವಷ್ಟರಲ್ಲೇ ಹಳತಾಗಿತ್ತು.

ಪ್ರಶ್ನೆ: ‘ಎಫ್‌ಪಿಎಸ್ ಬೂಸ್ಟರ್’ (ಗೇಮ್‌ನ ವೇಗ ಹೆಚ್ಚಿಸುತ್ತೇವೆ ಎನ್ನುವ ಸಾಫ್ಟ್‌ವೇರ್) ಹಾಕಿದರೆ ಇಂಥ ಗೇಮ್ ಸ್ಮೂತ್ ಆಗುತ್ತಾ? ಏಲಿಯನ್ಸ್: ಕಲೋನಿಯಲ್ ಮರೀನ್ಸ್‌ನಲ್ಲಿ ಒಂದು ಅಕ್ಷರ ತಿದ್ದಿದ್ದಕ್ಕೇ ಸರಿಯಾಯಿತಂತೆ.

ಉತ್ತರ: ಆ ಒಂದು ಅಕ್ಷರದ ಕಥೆ ನಿಜ. ಅದನ್ನು ತೋರಿಸಿ ತಮ್ಮ ಸಾಫ್ಟ್‌ವೇರ್ ಮಾರುವವರದು ಮೋಸ. 2013ರ ಆ ಗೇಮ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದು ಕಾಗುಣಿತ ತಪ್ಪಿತ್ತು. ಅದನ್ನು ತಿದ್ದಿದಾಗ ಶತ್ರುಗಳ ನಡೆ ಸುಧಾರಿಸಿತು, ಅಷ್ಟೇ. ನೋಟ್‌ಪ್ಯಾಡ್‌ನಲ್ಲಿ ತೆರೆದು ಯಾರು ಬೇಕಾದರೂ ತಿದ್ದಬಹುದಾದ ಫೈಲ್ ಅದು. ಬೂಸ್ಟರ್ ಮಾರುವವರು ನಿಮಗೆ ಟೆಲಿಗ್ರಾಂನಲ್ಲಿ ಕಳಿಸುವುದು ಒಳಗೆ ಏನಿದೆಯೆಂದು ಕಾಣದ ಇಎಕ್ಸ್‌ಇ ಫೈಲ್. ಅದನ್ನು ಓಡಿಸಲು ಆ್ಯಂಟಿವೈರಸ್ ಆಫ್ ಮಾಡಿ ಎಂದೂ ಹೇಳುತ್ತಾರೆ. ಯಾವತ್ತೂ ಮಾಡಬೇಡಿ. ಈಗಾಗಲೇ ಹಾಕಿದ್ದರೆ ಮೊದಲು ಬೇರೆ ಮೊಬೈಲ್ ಅಥವಾ ಕಂಪ್ಯೂಟರ್‌ನಿಂದ ನಿಮ್ಮ ಇಮೇಲ್, ಸ್ಟೀಮ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ವಿಂಡೋಸ್ ಹೊಸದಾಗಿ ಹಾಕಿಕೊಳ್ಳಿ.